ಮಂಡೆ ಖಾಲಿಯಾದರೆ ಏನಾಯಿತು?

ದಾಳಿಂಬೆ ವ್ಯಾಪಾರಕ್ಕೆಂದು ಜತ್ ತಾಲೂಕಿನ ತಿಕೋಂಡಿಗೆ ಹೋಗಿದ್ದೆ. ಅಲ್ಲಿನ ಕಟಿಂಗ್ ಅಂಗಡಿಯಲ್ಲಿ ಕೂತಿದ್ದಾಗ ಅಳಿಯನ ಫೋನು: "ಮಾಮ, ಮೂರು ತಿಂಗಳಲ್ಲಿ ಮದುವೆ. ಅದಕ್ಕೆ ಮೊದಲು ಕೂದಲು ನೆಡಿಸ್ತೇನೆ, ಸಾಲ ಆದರೂ ಸರಿ." ಅವನಿಗೆ ಈಗ 23.

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಕೂದಲು ಕಸಿ ಮೋಸವಲ್ಲ. ತಲೆಯ ಹಿಂಭಾಗದ ಕೂದಲನ್ನು ಮುಂದೆ ನೆಟ್ಟರೂ ಉಳಿಯುತ್ತದೆ ಎಂದು ನ್ಯೂಯಾರ್ಕಿನ ಡಾ. ನಾರ್ಮನ್ ಓರೆನ್‌ಟ್ರೈಕ್ 1950ರ ದಶಕದಲ್ಲೇ ತೋರಿಸಿದ್ದಾರೆ. ಆದರೆ ನೆಟ್ಟದ್ದು ಮೊದಲ ವಾರಗಳಲ್ಲಿ ಉದುರಿ, ಪೂರ್ತಿ ಬೆಳೆಯಲು ಸುಮಾರು ಒಂದು ವರ್ಷ ಬೇಕು. ಸುತ್ತಲಿನ ಹಳೆಯ ಕೂದಲು ಮಾತ್ರ ಉದುರುತ್ತಲೇ ಇರುತ್ತದೆ. ಅವಸರ ಮಾಡಿದರೆ ಮುಂದೊಂದು ದಿನ ಹಣೆಯ ಮೇಲೆ ಒಂದು ಸಾಲು, ಅದರ ಹಿಂದೆ ಬಯಲು. ಮತ್ತೆ ನೆಡಲು ಹಿಂಭಾಗದಲ್ಲಿ ಎಷ್ಟು ಉಳಿದಿರುತ್ತದೆ? ಮೊದಲು ಚರ್ಮವೈದ್ಯರನ್ನು ಕಾಣಬೇಕು. ಮಿನಾಕ್ಸಿಡಿಲ್, ಫಿನಾಸ್ಟರೈಡ್ ಎಂಬ ಔಷಧಿಗಳಿವೆ. ವೈದ್ಯರನ್ನು ಕೇಳಿಯೇ ಬಳಸಬೇಕು, ನಿಲ್ಲಿಸಿದರೆ ಅವುಗಳ ಗುಣವೂ ನಿಲ್ಲುತ್ತದೆ.

ತಪ್ಪು ನಮ್ಮದೂ ಇದೆ. "ಮೋನು, ಮಂಡೆ ಖಾಲಿಯಾಯ್ತಲ್ಲಾ" ಎಂದು ಮದುವೆ ಮನೆಗಳಲ್ಲಿ ನಗುವವರು ನಾವೇ. ಆ ನಗುವಿಗೆ ಹೆದರಿಯೇ ಹುಡುಗ ಸಾಲಕ್ಕೆ ಹೊರಟದ್ದು. ನಾನೂ ನಕ್ಕವನೇ. ಇನ್ನು ನಗುವುದಿಲ್ಲ.