ಚಹಾದ ಕಿಟ್ಲಿ ಪಕ್ಕ ಕಾಫಿಗೂ ಜಾಗವಿರಲಿ

ಧಾರವಾಡದಿಂದ ಬೆಳಗಾವಿ ರಸ್ತೆ ಹಿಡಿದು ಮುಮ್ಮಿಗಟ್ಟಿ ಹತ್ತಿರ ಬಂದರೆ ಬೇಲೂರು ಕೈಗಾರಿಕಾ ಪ್ರದೇಶ. ಬೆಳಗಿನ ಪಾಳಿಯವರು ಗೇಟಿನಲ್ಲಿ ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: ‘ಚಾ ಆತೇನ್ರಿ?’ ನಾನೂ ಆ ಚಹಾ ಕುಡಿದೇ ಬೆಳೆದವನು. ನಮ್ಮ ಮನೆಯಲ್ಲಿ ಕಾಫಿಪುಡಿಯ ಡಬ್ಬಿಯೇ ಇರಲಿಲ್ಲ. ‘ಕಾಫಿ ಕುಡದ್ರ ಪಿತ್ತ ಆಗತೈತಿ’ ಎನ್ನುತ್ತಿದ್ದಳು ಅವ್ವ.

ಈ ನಾಲಿಗೆಗೆ ಕಾಫಿ ಹತ್ತಿದ್ದು ಬ್ರೆಜಿಲ್‌ನಲ್ಲಿ. ಬಸ್ ತಯಾರಿಸಲು 2006ರಲ್ಲಿ ಟಾಟಾ ಮೋಟರ್ಸ್ ಅಲ್ಲಿನ ಮಾರ್ಕೊಪೋಲೊ ಕಂಪನಿಯ ಜತೆ ಕೈಜೋಡಿಸಿತು; ಬೇಲೂರಿನಲ್ಲಿ ಕಾರ್ಖಾನೆ ಎದ್ದಿತು. ಬಸ್ಸಿನ ಬಾಡಿ ಕಟ್ಟುವ ಕೆಲಸ ಕಲಿಯಲು ನಾನು ನಾಲ್ಕು ತಿಂಗಳು ಆ ಕಂಪನಿಯ ಊರಾದ ಕಶಿಯಾಸ್ ದೊ ಸುಲ್‌ನಲ್ಲಿದ್ದೆ. ನಮ್ಮಲ್ಲಿ ಮುಂಗಾರು ಸುರಿಯುವಾಗ ಅಲ್ಲಿ ಕೈ ಮರಗಟ್ಟುವ ಚಳಿ. ವೆಲ್ಡಿಂಗ್ ಶುರುವಾಗುವ ಮೊದಲೇ ಮೇಜಿನ ಮೇಲೆ ಫ್ಲಾಸ್ಕು, ಪುಟ್ಟ ಕಪ್ಪುಗಳು. ಹಾಲಿಲ್ಲದ, ಸಕ್ಕರೆ ಹಾಕಿದ ಗಟ್ಟಿ ಕಾಫಿ. ಅದಕ್ಕೆ ‘ಕಫೆಜಿನ್ಯೊ’ ಎಂಬ ಮುದ್ದಿನ ಹೆಸರು. ಬೆಳಗಿನ ತಿಂಡಿಯನ್ನೇ ಅವರು ‘ಬೆಳಗಿನ ಕಾಫಿ’ ಎಂದು ಕರೆಯುತ್ತಾರೆ. ಮೊದಲ ವಾರ ಮರ್ಯಾದೆಗೆ ಕುಡಿದೆ. ಎರಡನೇ ವಾರ ಫ್ಲಾಸ್ಕಿನ ದಾರಿ ಕಾದೆ.

ಒಂದು ದಿನ ಜತೆಗಿದ್ದ ಹಿರಿಯ ಕೆಲಸಗಾರ ಕೇಳಿದ: ‘ನಿಮ್ಮ ಕಡೆ ಕಾಫಿ ಬೆಳೆಯುವುದಿಲ್ಲವೇ?’ ದೇಶದ ಕಾಫಿಯಲ್ಲಿ ಶೇ 70ರಷ್ಟು ನಮ್ಮ ರಾಜ್ಯದ್ದೇ ಎಂದೆ. ‘ಮತ್ತೆ ಇಲ್ಲಿಗೆ ಬಂದು ಏಕೆ ಕಲಿತೆ?’ ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಬಾಬಾಬುಡನ್‌ಗಿರಿ ಧಾರವಾಡಕ್ಕೆ ಒಂದು ರಾತ್ರಿಯ ಬಸ್ ದಾರಿ. ಯೆಮನ್‌ನಿಂದ ಬಾಬಾಬುಡನ್ ಏಳು ಬೀಜ ತಂದ ಕಥೆಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ರುಚಿ ಮಾತ್ರ ನೋಡಿಲ್ಲ.

ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್ ತನ್ನ ಬೆಳೆಯ ಮೂರನೇ ಒಂದು ಪಾಲನ್ನು ತಾನೇ ಕುಡಿಯುತ್ತದೆ. ಅದಕ್ಕಾಗಿ ಅವರು ದುಡಿದಿದ್ದಾರೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿದ್ದು ಜಗತ್ತಿನೆಲ್ಲೆಡೆ ಬೆಲೆ ಕುಸಿಯಿತು. ಅದೇ ವರ್ಷ ಅಲ್ಲಿನ ಕಾಫಿ ಹುರಿಯುವವರ ಸಂಘ ಕಲಬೆರಕೆಯಿಲ್ಲದ ಪುಡಿಗೆ ಶುದ್ಧತೆಯ ಮುದ್ರೆ ಒತ್ತತೊಡಗಿತು. ನಮ್ಮ ಕಾಫಿಯಲ್ಲಿ ಹೆಚ್ಚಿನ ಪಾಲು ಹಡಗು ಹತ್ತುತ್ತದೆ. ನ್ಯೂಯಾರ್ಕ್, ಲಂಡನ್ ಪೇಟೆ ಕುಸಿದರೆ ಮೂಡಿಗೆರೆ, ಸಕಲೇಶಪುರದ ಬೆಳೆಗಾರ ಕುಸಿಯುತ್ತಾನೆ. ಕುಡಿಯುವವರು ಊರಲ್ಲೇ ಇದ್ದರೆ ಅವನಿಗೊಂದು ಆಸರೆ.

ಬೇಲೂರಿನ ಕ್ಯಾಂಟೀನುಗಳಲ್ಲಿ ಚಹಾದ ಕಿಟ್ಲಿ ಪಕ್ಕ ಒಂದು ಫ್ಲಾಸ್ಕು ನಮ್ಮ ಕಾಫಿ ಇಡಲಿ. ಪುಡಿ ಒಳ್ಳೆಯದಿರಲಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಶೇ 51ರಷ್ಟು ಕಾಫಿ ಇದ್ದರೆ ಕಾನೂನಿಗೆ ಸಾಕು. ಮೊದಲ ಸಲ ಕುಡಿಯುವವನಿಗೆ ಸಾಲದು. ಅರ್ಧ ಚಿಕೋರಿ ಕುಡಿದವನು ಮರುದಿನ ಚಹಾಕ್ಕೇ ಮರಳುತ್ತಾನೆ. ಹುಬ್ಬಳ್ಳಿ–ಧಾರವಾಡದ ಪೇಟೆಗೆ ಶುದ್ಧ ಪುಡಿ ತಲುಪಿಸುವುದನ್ನು ಬೆಂಗಳೂರಿನ ಕಾಫಿ ಮಂಡಳಿ ತನ್ನ ಕೆಲಸವೆಂದೇ ತಿಳಿಯಬೇಕು.

ನಮ್ಮ ಮನೆಗೆ ಈಗ ಹಿತ್ತಾಳೆಯ ಫಿಲ್ಟರ್ ಬಂದಿದೆ. ಸಂಜೆ ಅವ್ವ ಅರ್ಧ ಲೋಟ ಕಾಫಿ ಕುಡಿಯುತ್ತಾಳೆ. ಬೆಳಗಿನ ಚಹಾ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ.