ಉದ್ಯಾನದ ಬೀಗ ಯಾರ ಕೈಯಲ್ಲಿದೆ?

ನಿವೃತ್ತನಾದ ಮರುವರ್ಷ ನಾನು ಒಂದು ಅರ್ಜಿಯ ಕರಡನ್ನು ಸಿದ್ಧಪಡಿಸಿದೆ. ನಮ್ಮ ಬಡಾವಣೆಯ ಉದ್ಯಾನವನ್ನು ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಮುಚ್ಚಬೇಕೆಂಬುದು ಅದರ ಪ್ರಾರ್ಥನೆ. ಕಾಲೇಜು ಹುಡುಗರು ತರಗತಿ ತಪ್ಪಿಸಿ ಬಂದು ಕೂರುತ್ತಾರೆ, ಹೊರಗಿನವರು ಬೆಂಚುಗಳ ಮೇಲೆ ಮಲಗುತ್ತಾರೆ, ತಿಂಡಿಯ ಪೊಟ್ಟಣಗಳನ್ನು ಎಸೆಯುತ್ತಾರೆ ಎಂಬ ಕಾರಣಗಳನ್ನು ಕ್ರಮಸಂಖ್ಯೆ ಹಾಕಿ ಬರೆದಿದ್ದೆ. ಮೂರು ದಶಕಗಳ ಕಾಲ ಇತರರ ಅರ್ಜಿಗಳ ಮೇಲೆ ಟಿಪ್ಪಣಿ ಬರೆದವನಿಗೆ ಯಾವ ಮಾತು ಕಚೇರಿಯಲ್ಲಿ ನಾಟುತ್ತದೆಂಬುದು ಗೊತ್ತಿರುತ್ತದೆ. 62 ಮನೆಯವರು ಸಹಿ ಹಾಕಿದರು. ಹದಿನೈದು ದಿನಗಳಲ್ಲಿ ಗೇಟಿಗೆ ಬೀಗ ಬಂದಿತು.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬ್ಯಾಂಕಿನಿಂದ ಹಿಂತಿರುಗುತ್ತಿದ್ದಾಗ ನಮ್ಮ ಬೀದಿಯ ಮೂರು ಮನೆಗಳಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರು ಉದ್ಯಾನದ ಕಾಂಪೌಂಡಿಗೆ ಒರಗಿ, ಪಾದಚಾರಿ ಮಾರ್ಗದ ಮೇಲೆ ಕುಳಿತು ಡಬ್ಬಿಯ ಅನ್ನ ಉಣ್ಣುತ್ತಿದ್ದುದನ್ನು ಕಂಡೆ. ಹೊಂಗೆಮರದ ನೆರಳೆಲ್ಲ ಗೋಡೆಯ ಒಳಗಿತ್ತು. ‘ಯಾಕಮ್ಮ, ಬಿಸಿಲಲ್ಲಿ ಕೂತಿದ್ದೀರಿ?’ ಎಂದು ಕೇಳಿದೆ. ‘ಮುಂಚೆ ಒಳಗೇ ಕೂತ್ಕೊಂಡು ಉಣ್ತಿದ್ವಿ ಸಾರ್. ದೊಡ್ಡೋರು ಯಾರೋ ಅರ್ಜಿ ಕೊಟ್ಟು ಬೀಗ ಹಾಕಿಸವ್ರಂತೆ’ ಎಂದರು. ಆ ದೊಡ್ಡವರು ಯಾರೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಈ ಲೇಖನ ಆ ಮೌನಕ್ಕೆ ತಡವಾದ ಉತ್ತರ.

ಬೆಂಗಳೂರಿನ ಯಾವುದೇ ಉದ್ಯಾನಕ್ಕೆ ಬೆಳಿಗ್ಗೆ ಆರು ಗಂಟೆಗೆ ಹೋದರೂ ಕಾಣುವ ದೃಶ್ಯ ಒಂದೇ ಬಗೆಯದು. ಕೈಬೀಸಿ ನಡೆಯುವ ನಿವೃತ್ತರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡುವ ಐ.ಟಿ. ಉದ್ಯೋಗಿಗಳು, ಒಂದು ಮೂಲೆಯಲ್ಲಿ ನಗೆಕೂಟ, ಇನ್ನೊಂದು ಮೂಲೆಯಲ್ಲಿ ಯೋಗಾಸನ. ಇದನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ರಕ್ತದಲ್ಲಿ ಸಕ್ಕರೆಯ ಅಂಶ ಏರಿದಾಗ ವೈದ್ಯರು ಮಾತ್ರೆಗಿಂತ ಮೊದಲು ನನಗೆ ಬರೆದುಕೊಟ್ಟದ್ದು ನಡಿಗೆಯನ್ನೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಅದರ ಹೊಸ್ತಿಲಲ್ಲಿರುವವರು ಇನ್ನೂ 13.6 ಕೋಟಿ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಈ 150 ನಿಮಿಷಗಳನ್ನು ಕಾಸು ಖರ್ಚಿಲ್ಲದೆ, ವಾಹನಗಳ ಭಯವಿಲ್ಲದೆ ಕಳೆಯಬಹುದಾದ ಜಾಗ ನಗರದಲ್ಲಿ ಉದ್ಯಾನವಲ್ಲದೆ ಬೇರೆ ಯಾವುದಿದೆ?

ಆದರೆ ಅಲ್ಲಿ ಯಾರಿದ್ದಾರೆಂಬುದರ ಜೊತೆಗೆ ಯಾರಿಲ್ಲ ಎಂಬುದನ್ನೂ ಗಮನಿಸಬೇಕು. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಭಾರತದ ವಯಸ್ಕರಲ್ಲಿ ಅರ್ಧದಷ್ಟು ಮಂದಿಗೆ ಅಗತ್ಯವಿರುವಷ್ಟು ದೈಹಿಕ ಚಟುವಟಿಕೆ ಇಲ್ಲವೆಂದು ಅಂದಾಜಿಸಿದೆ. 2000ದಲ್ಲಿ ಈ ಪ್ರಮಾಣ ಶೇ 22ರಷ್ಟಿತ್ತು. 2022ರ ವೇಳೆಗೆ ಶೇ 49ಕ್ಕೇರಿತು. ಪುರುಷರಲ್ಲಿ ಶೇ 42, ಮಹಿಳೆಯರಲ್ಲಿ ಶೇ 57. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ನಾವು ಗಂಡಸರು ಉದ್ಯಾನದಲ್ಲಿ ಎಂಟು ಸುತ್ತು ಮುಗಿಸುವ ಹೊತ್ತಿನಲ್ಲಿ ನಮ್ಮ ಮನೆಗಳ ಹೆಂಗಸರು ಒಲೆಯ ಮುಂದೆ ಇರುತ್ತಾರೆ. ಅವರಿಗೆ ಬಿಡುವು ದೊರೆಯುವುದು ಹನ್ನೊಂದರ ಮೇಲೆ. ಆಗ ಗೇಟಿಗೆ ಬೀಗ!

ಮೈಮುರಿದು ದುಡಿಯುವವರ ಕಥೆ ಬೇರೆ. ಪೌರಕಾರ್ಮಿಕರಿಗೆ, ಮನೆಗೆಲಸದವರಿಗೆ, ಊಟದ ಪೊಟ್ಟಣ ತಲುಪಿಸುವ ಹುಡುಗರಿಗೆ ವ್ಯಾಯಾಮದ ಉಪದೇಶ ಬೇಕಿಲ್ಲ. ಅವರಿಗೆ ಬೇಕಾದದ್ದು ವಿಶ್ರಾಂತಿ: ನೆರಳು, ನೀರು, ಶೌಚಾಲಯ ಮತ್ತು ಯಾರೂ ಎಬ್ಬಿಸದ ಅರ್ಧ ಗಂಟೆ. ಉದ್ಯಾನವೆಂದರೆ ಕೇವಲ ವ್ಯಾಯಾಮಶಾಲೆ ಎಂದು ನಾವು ಭಾವಿಸತೊಡಗಿದ ದಿನವೇ ಸುಮ್ಮನೆ ಕುಳಿತವನು ನಮ್ಮ ಕಣ್ಣಿಗೆ ಅಪರಾಧಿಯಾಗಿ ಕಂಡ. ನಡೆಯುವವನು ನಾಗರಿಕ, ಮಲಗಿದವನು ಅತಿಕ್ರಮಣಕಾರ ಎಂಬ ಈ ವಿಂಗಡಣೆಗೆ ಯಾವ ಕಾನೂನಿನ ಆಧಾರವೂ ಇಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಓದಿದ ಎರಡು ಪ್ರಬಂಧಗಳು ಈಗ ನೆನಪಾಗುತ್ತವೆ. ಪಾಲ್ ಸ್ಯಾಮ್ಯುಯೆಲ್‌ಸನ್ 1954ರಲ್ಲಿ ಸಾರ್ವಜನಿಕ ಸರಕಿನ ಸ್ವರೂಪವನ್ನು ವಿವರಿಸಿದರು. ಒಬ್ಬನು ಬಳಸಿದರೆ ಇನ್ನೊಬ್ಬನ ಪಾಲು ಕಡಿಮೆಯಾಗದ ಸರಕು ಅದು. 1965ರಲ್ಲಿ ಜೇಮ್ಸ್ ಬುಕಾನನ್ ಇನ್ನೊಂದು ಬಗೆಯ ಸರಕನ್ನು ಚರ್ಚಿಸಿದರು: ಒಳಗಿನವರೆಲ್ಲ ಹಂಚಿಕೊಳ್ಳುವ, ಹೊರಗಿನವರನ್ನು ತಡೆಯಬಹುದಾದ ‘ಕ್ಲಬ್’ ಸರಕು. ಉದ್ಯಾನ ಇವೆರಡರ ನಡುವೆ ನಿಲ್ಲುತ್ತದೆ. ಗೇಟು ತೆರೆದಿದ್ದಾಗ ಅದು ಮೊದಲನೆಯದಕ್ಕೆ ಹತ್ತಿರ. ಬೀಗ ಬಿದ್ದಾಗ ಎರಡನೆಯದು. ವ್ಯತ್ಯಾಸವೆಂದರೆ, ಕ್ಲಬ್ಬಿನ ಸದಸ್ಯರು ತಮ್ಮ ವೆಚ್ಚವನ್ನು ತಾವೇ ಭರಿಸುತ್ತಾರೆ. ನಾವಾದರೋ ಎಲ್ಲರ ಹಣದಿಂದ ನಡೆಯುವ ಸೌಲಭ್ಯವನ್ನು ಶುಲ್ಕವೇ ಇಲ್ಲದ ಕ್ಲಬ್ಬನ್ನಾಗಿ ಮಾಡಿಕೊಂಡಿದ್ದೇವೆ.

‘ನಿವೇಶನ ಕೊಂಡಾಗ ಉದ್ಯಾನಕ್ಕೂ ಸೇರಿಸಿ ಬೆಲೆ ಕೊಟ್ಟಿದ್ದೇವೆ, ಆಸ್ತಿ ತೆರಿಗೆಯನ್ನೂ ಕಟ್ಟುತ್ತೇವೆ’ ಎಂಬ ವಾದವನ್ನು ನಮ್ಮ ಸಂಘದ ಸಭೆಗಳಲ್ಲಿ ಕೇಳಿದ್ದೇನೆ. ನಾನೂ ಹೇಳಿದ್ದುಂಟು. ಅದರಲ್ಲಿ ಸತ್ಯದ ಒಂದು ಪಾಲಿದೆ. ಆದರೆ ಬಾಡಿಗೆದಾರನ ಬಾಡಿಗೆಯಲ್ಲಿ ಆಸ್ತಿ ತೆರಿಗೆಯೂ ಅಡಗಿದೆ. ಬೆಂಕಿಪೊಟ್ಟಣ ಕೊಳ್ಳುವ ಕೂಲಿಯೂ ಸರಕು ಸೇವಾ ತೆರಿಗೆ ತೆರುತ್ತಾನೆ. ಅದಕ್ಕಿಂತ ಮಿಗಿಲಾಗಿ, ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ಮೀಸಲಿಟ್ಟ ಜಾಗ ನಿವೇಶನದಾರರ ಜಂಟಿ ಸ್ವತ್ತಲ್ಲ, ಅದು ಸಾರ್ವಜನಿಕರದು.

ಈ ತತ್ವಕ್ಕೆ ನಮ್ಮ ನಗರದಲ್ಲೇ ಒಂದು ಹೆಮ್ಮೆಯ ಇತಿಹಾಸವಿದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಮಂಜೂರು ಮಾಡಿದಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಮಂಜೂರಾತಿಯನ್ನು ಒಪ್ಪಲಿಲ್ಲ. ಉದ್ಯಾನದಂತಹ ತೆರೆದ ಜಾಗ ಸಾರ್ವಜನಿಕ ಹಿತದ ವಿಷಯ, ಅದನ್ನು ಅಧಿಕಾರಸ್ಥರು ತಮ್ಮ ಇಚ್ಛೆಯಂತೆ ಬೇರೆಯವರಿಗೆ ಕೊಡಲಾಗದು ಎಂಬುದು ಆ ತೀರ್ಪಿನ ಸಾರ. ಅದಕ್ಕೂ ಮೊದಲೇ, 1985ರಲ್ಲಿ, ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗಾಗಿ ಕರ್ನಾಟಕ ಪ್ರತ್ಯೇಕ ಕಾಯ್ದೆಯನ್ನೇ ರೂಪಿಸಿತ್ತು. ಸರ್ಕಾರದ ಅತಿಕ್ರಮಣದಿಂದ ಉದ್ಯಾನವನ್ನು ಕಾಪಾಡಿದ ನಾಗರಿಕರು ತಮ್ಮದೇ ಅತಿಕ್ರಮಣವನ್ನು ಗುರುತಿಸದೆ ಹೋದದ್ದು ವಿಪರ್ಯಾಸ.

ಇನ್ನು ಉದ್ಯಾನಗಳಲ್ಲಿ ಕಳೆದ ಕೆಲವು ವರ್ಷಗಳಿಂದ ಕಾಣಿಸಿಕೊಂಡಿರುವ ತೆರೆದ ಜಿಮ್‌ಗಳ ವಿಚಾರ. ಚೀನಾ 1995ರಲ್ಲಿ ರಾಷ್ಟ್ರೀಯ ದೇಹದಾರ್ಢ್ಯ ಕಾರ್ಯಕ್ರಮವನ್ನು ಆರಂಭಿಸಿದ ಬಳಿಕ ಅಲ್ಲಿನ ಬಡಾವಣೆಗಳಲ್ಲಿ ಇಂತಹ ಉಪಕರಣಗಳು ವ್ಯಾಪಕವಾಗಿ ತಲೆಯೆತ್ತಿದವು. ಜಿಮ್ಮಿನ ಮಾಸಿಕ ಶುಲ್ಕ ಭರಿಸಲಾಗದವರಿಗೆ ಇದು ವರವೇ ಸರಿ. ಆದರೆ ನಮ್ಮ ಉದ್ಯಾನದಲ್ಲಿ ಉದ್ಘಾಟನೆಯಾದ ಆರು ಯಂತ್ರಗಳಲ್ಲಿ ಈಗ ನೆಟ್ಟಗಿರುವುದು ಎರಡು. ಒಂದರ ಪೆಡಲ್ ಕಳಚಿದೆ, ಇನ್ನೊಂದರ ಬೇರಿಂಗ್ ಮಳೆನೀರಿಗೆ ತುಕ್ಕು ಹಿಡಿದಿದೆ, ಮತ್ತೆರಡು ಬುಡದ ಬೋಲ್ಟು ಸಡಿಲಗೊಂಡು ಅಲುಗಾಡುತ್ತಿವೆ.

ಆಡಳಿತದ ಒಳಗಿದ್ದವನಿಗೆ ಇದು ಆಶ್ಚರ್ಯದ ಸಂಗತಿಯಲ್ಲ. ಹೊಸ ಯಂತ್ರ ಕೊಳ್ಳುವುದು ಬಂಡವಾಳ ವೆಚ್ಚ. ಅದಕ್ಕೆ ಟೆಂಡರ್ ಇದೆ, ಉದ್ಘಾಟನೆ ಇದೆ, ಹೆಸರು ಕೆತ್ತಿದ ಫಲಕ ಇದೆ. ಗ್ರೀಸ್ ಹಚ್ಚುವುದು, ಬೋಲ್ಟು ಬಿಗಿಯುವುದು ನಿರ್ವಹಣಾ ವೆಚ್ಚ, ಅದಕ್ಕೆ ಫಲಕವಿಲ್ಲ. ಆಯವ್ಯಯದಲ್ಲಿ ಕೊರತೆ ಬಿದ್ದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಅಂತಹ ಕಡತಗಳಿಗೆ ನಾನೂ ‘ಮುಂದಿನ ಸಾಲಿನಲ್ಲಿ ಪರಿಶೀಲಿಸಬಹುದು’ ಎಂದು ಷರಾ ಬರೆದಿದ್ದೇನೆ. ನಿರ್ವಹಣೆಯ ಕಡೆಗಣನೆ ಎಷ್ಟು ದುಬಾರಿಯಾದೀತು ಎಂಬುದಕ್ಕೆ 2024ರ ಸೆಪ್ಟೆಂಬರಿನಲ್ಲಿ ಮಲ್ಲೇಶ್ವರದಲ್ಲಿ ನಡೆದ ದುರಂತ ಸಾಕ್ಷಿ. ಆಟವಾಡಲು ಬಂದ ಬಾಲಕನೊಬ್ಬನ ಮೇಲೆ ಪಾಲಿಕೆಯ ಮೈದಾನದ ಕಬ್ಬಿಣದ ಗೇಟು ಕುಸಿದು ಅವನು ಪ್ರಾಣ ಕಳೆದುಕೊಂಡ. ಸಡಿಲಗೊಂಡ ಒಂದು ಕೀಲನ್ನು ಸಕಾಲದಲ್ಲಿ ಸರಿಪಡಿಸುವುದಕ್ಕೆ ಎಷ್ಟು ಖರ್ಚಾಗುತ್ತದೆ?

ಯಂತ್ರಗಳ ಆಯ್ಕೆಯಲ್ಲೂ ವಿವೇಚನೆ ಬೇಕು. 65 ದಾಟಿದವರು ನಡಿಗೆಯ ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಬಿದ್ದು ಮೂಳೆ ಮುರಿದುಕೊಳ್ಳುವುದನ್ನು ತಪ್ಪಿಸುವುದು ಇದರ ಉದ್ದೇಶ. ಅದಕ್ಕೆ ದುಬಾರಿ ಯಂತ್ರ ಬೇಡ. ಹಿಡಿದು ನಿಲ್ಲಲು ಗಟ್ಟಿಯಾದ ಕಂಬಿ, ಹತ್ತಿ ಇಳಿಯಲು ಮೂರು ಮೆಟ್ಟಿಲು, ಎದ್ದು ಕೂರಲು ಸರಿಯಾದ ಎತ್ತರದ ಬೆಂಚು ಸಾಕು. ಇವು ತುಕ್ಕು ಹಿಡಿಯುವುದೂ ಕಡಿಮೆ, ಕೆಡುವುದೂ ಕಡಿಮೆ. ಬಹುಶಃ ಉದ್ಘಾಟನೆಗೆ ಅಷ್ಟು ಶೋಭೆ ತರುವುದಿಲ್ಲವೆಂಬುದೇ ಇವುಗಳ ಕೊರತೆ.

ಗೇಟು ತೆರೆದಿಟ್ಟರೆ ತೊಂದರೆಯೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಮದ್ಯದ ಬಾಟಲಿಗಳನ್ನು ನಾನೇ ಕಂಡಿದ್ದೇನೆ. ಹೆಣ್ಣುಮಕ್ಕಳಿಗೆ ಕಿರುಕುಳವಾದೀತೆಂಬ ಆತಂಕವೂ ಕಾಲ್ಪನಿಕವಲ್ಲ. ಆದರೆ ನಗರಗಳನ್ನು ಆಳವಾಗಿ ಅಧ್ಯಯನ ಮಾಡಿದ ಜೇನ್ ಜೇಕಬ್ಸ್ 1961ರಷ್ಟು ಹಿಂದೆಯೇ ತೋರಿಸಿದಂತೆ, ಜನರಿರುವ ಜಾಗವನ್ನು ಜನರ ಕಣ್ಣುಗಳೇ ಕಾಯುತ್ತವೆ. ಉದ್ಯಾನಕ್ಕೆ ಅಪಾಯ ಬರುವುದು ಅದು ನಿರ್ಜನವಾದಾಗ. ಮಧ್ಯಾಹ್ನದಲ್ಲಿ ತಾಯಂದಿರು, ಓದುವ ವಿದ್ಯಾರ್ಥಿಗಳು, ಊಟಕ್ಕೆ ಕೂರುವ ಕೆಲಸಗಾರರು ಇದ್ದರೆ ಬಾಟಲಿ ತೆರೆಯುವವನು ಬೇರೆ ಜಾಗ ಹುಡುಕಿಕೊಳ್ಳುತ್ತಾನೆ. ಕಬ್ಬನ್ ಉದ್ಯಾನದಲ್ಲಿ ರಜಾದಿನ ಬೆಳಿಗ್ಗೆ ಸುತ್ತಾಡಿದವರಿಗೆ ಇದು ತಿಳಿದೀತು. ಹುಲ್ಲಿನ ಮೇಲೆ ಮೌನವಾಗಿ ಪುಸ್ತಕ ಓದುವ ಯುವಜನರು, ಚಿತ್ರ ಬರೆಯುವವರು, ದೂರದ ಊರಿಂದ ಬಂದು ಬುತ್ತಿ ಬಿಚ್ಚುವ ಕುಟುಂಬಗಳು ಒಂದೇ ಮರದ ಕೆಳಗೆ ಇರುತ್ತಾರೆ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಆ ಉದ್ಯಾನ ಇಂದಿಗೂ ಜೀವಂತವಾಗಿರುವುದು ಈ ಬೆರಕೆಯಿಂದ.

2024ರ ಜೂನ್ ತಿಂಗಳಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ತನ್ನ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವುದಾಗಿ ಪ್ರಕಟಿಸಿತು. ಸ್ವಾಗತಾರ್ಹ ತೀರ್ಮಾನ. ಆದರೆ ಆದೇಶ ಹೊರಡುವುದು ಕಚೇರಿಯಿಂದ, ಬೀಗದ ಕೈ ಇರುವುದು ಕಾವಲುಗಾರನ ಸೊಂಟದಲ್ಲಿ. ಕಾವಲುಗಾರ ಮಾತು ಕೇಳುವುದು ತನಗೆ ದಿನನಿತ್ಯ ಕಾಣಿಸುವ ನಮ್ಮಂತಹವರದು. ನಮ್ಮ ಗೇಟಿನಲ್ಲಿ ಹಳೆಯ ವೇಳಾಪಟ್ಟಿಯೇ ನಡೆಯುತ್ತಿದೆ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಜಾಗದಲ್ಲಿ ಐದು ನಗರಪಾಲಿಕೆಗಳು ಬಂದಿವೆ. ಹೊಸ ಆಡಳಿತ ಮನಸ್ಸು ಮಾಡಿದರೆ ಕೆಲವು ಕೆಲಸಗಳು ಕಷ್ಟವಲ್ಲ. ಪ್ರತಿ ಗೇಟಿನಲ್ಲೂ ವೇಳೆಯನ್ನೂ ಹೊಣೆಗಾರ ಅಧಿಕಾರಿಯ ದೂರವಾಣಿ ಸಂಖ್ಯೆಯನ್ನೂ ಬರೆಸಬೇಕು. ಉಪಕರಣ ಕೊಳ್ಳುವ ಟೆಂಡರಿನಲ್ಲೇ ಐದು ವರ್ಷಗಳ ನಿರ್ವಹಣೆಯನ್ನು ಸೇರಿಸಬೇಕು, ತಪಾಸಣೆಯ ದಿನಾಂಕವನ್ನು ಯಂತ್ರದ ಮೇಲೆ ನಮೂದಿಸಬೇಕು. ಕುಡಿಯುವ ನೀರು, ಶೌಚಾಲಯ, ಸಂಜೆಯ ದೀಪ ಇಲ್ಲದ ಉದ್ಯಾನಕ್ಕೆ ಹೊಸ ಯಂತ್ರ ಮಂಜೂರು ಮಾಡಬಾರದು. ಸಾವಿರಕ್ಕೂ ಹೆಚ್ಚು ಉದ್ಯಾನಗಳಿರುವ ನಗರದಲ್ಲಿ ಇವೆಲ್ಲ ಒಂದೇ ವರ್ಷದಲ್ಲಿ ಆಗಲಾರವು; ಪ್ರತಿ ವಾರ್ಡಿನಲ್ಲಿ ಒಂದರಿಂದ ಆರಂಭಿಸಬಹುದು.

ನಾಗರಿಕ ಸಂಘಗಳ ಪಾಲಿನ ಕೆಲಸ ಇದಕ್ಕಿಂತ ಕಠಿಣ. ಉದ್ಯಾನದ ಬಗ್ಗೆ ತೀರ್ಮಾನ ಕೈಗೊಳ್ಳುವ ಸಭೆಗೆ ಮನೆಯ ಒಡೆಯರಷ್ಟೇ ಬಂದರೆ ಸಾಲದು; ಬಾಡಿಗೆದಾರರು, ಬೀದಿಯಲ್ಲಿ ದುಡಿಯುವವರು, ಮಕ್ಕಳ ತಾಯಂದಿರು ಕೂಡ ಅಲ್ಲಿ ಮಾತನಾಡುವಂತಾಗಬೇಕು. ನಾನು ಅಂದು ಅರ್ಜಿ ಬರೆದಾಗ ಉದ್ಯಾನವನ್ನು ಮಧ್ಯಾಹ್ನ ಬಳಸುತ್ತಿದ್ದ ಒಬ್ಬರನ್ನಾದರೂ ವಿಚಾರಿಸಿರಲಿಲ್ಲ. ಅಹವಾಲು ಕೇಳದೆ ಆದೇಶ ಹೊರಡಿಸಬಾರದೆಂದು ಕಿರಿಯ ಅಧಿಕಾರಿಗಳಿಗೆ ಬುದ್ಧಿ ಹೇಳುತ್ತಿದ್ದವನು ನಾನೇ.

ಈಗ ಎರಡನೆಯ ಅರ್ಜಿಯೊಂದನ್ನು ಬರೆದಿದ್ದೇನೆ. ಪ್ರಕಟಿತ ವೇಳೆಯಂತೆ ಉದ್ಯಾನವನ್ನು ದಿನವಿಡೀ ತೆರೆದಿಡಬೇಕೆಂದು ಅದರಲ್ಲಿ ಕೋರಿದ್ದೇನೆ. ಮೊದಲ ಅರ್ಜಿಗೆ ಒಂದೇ ಭಾನುವಾರದಲ್ಲಿ 62 ಸಹಿಗಳು ದೊರೆತಿದ್ದವು. ಇದಕ್ಕೆ ಮೂರು ವಾರಗಳಲ್ಲಿ ದೊರೆತಿರುವುದು ಒಂಬತ್ತು. ಒಂಬತ್ತನೆಯದು ಆ ಮಹಿಳೆಯದು. ಸಹಿ ಹಾಕುವ ಮೊದಲು ಹಳೆಯ ಅರ್ಜಿ ಬರೆದವನು ನಾನೇ ಎಂದು ಅವರಿಗೆ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪೆನ್ನು ಕೊಡಿ ಸಾರ್’ ಎಂದರು.