ಮಂದ್ರದ ಪೆಟ್ಟಿಗೆಗೆ ಮೂಲೆಯೇ ಸ್ಥಾನವೆ?

ಮನೆಯಲ್ಲಿ ಸಂಗೀತ ಕೇಳಲೆಂದು ಕೋಣೆಯೊಂದನ್ನು ಅಣಿಗೊಳಿಸುವವರಲ್ಲಿ, ಎರಡು ಸ್ಪೀಕರುಗಳೂ ಆಲಿಸುವವನೂ ಸೇರಿ ಸಮಭುಜ ತ್ರಿಕೋನವಾಗಬೇಕೆಂಬುದರ ಬಗೆಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ವಿವಾದವೇಳುವುದು ತಗ್ಗಿನ ಸ್ವರಗಳಿಗಾಗಿಯೇ ಇರುವ ಸಬ್‌ವೂಫರಿನ ವಿಷಯದಲ್ಲಿ: ಅದನ್ನು ಮೂಲೆಯಲ್ಲಿಡಬೇಕೆ, ಬೇಡವೆ? ವಾದಕ್ಕೊಂದು ನೆಲೆಯಿರಲೆಂದು 5 ಮೀಟರು ಉದ್ದ, 4 ಮೀಟರು ಅಗಲ, 3 ಮೀಟರು ಎತ್ತರದ, ಇಟ್ಟಿಗೆಯ ಗೋಡೆ ಮತ್ತು ಕಾಂಕ್ರೀಟು ಚಾವಣಿಗಳ ಕೋಣೆಯೊಂದನ್ನು ಕಲ್ಪಿಸಿಕೊಳ್ಳೋಣ.

ಪರ

ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುವುದರಿಂದ 40 ಹರ್ಟ್ಸ್‌ನ ಅಲೆಯ ಉದ್ದ ಎಂಟೂವರೆ ಮೀಟರಿಗೂ ಮಿಗಿಲಾಗುತ್ತದೆ. ಕೋಣೆಯನ್ನೇ ಮೀರಿದ ಇಂತಹ ಅಲೆಯ ದೃಷ್ಟಿಯಲ್ಲಿ ಮೂಲೆಯ ಪೆಟ್ಟಿಗೆಯೂ ಅದಕ್ಕೆ ತಗುಲಿದ ಎರಡು ಗೋಡೆಗಳೂ ನೆಲವೂ ಒಂದೇ ಉಗಮಸ್ಥಾನ. ಗೋಡೆಯಿಂದ ಮರಳುವ ಅಲೆ ಮೂಲದ ಅಲೆಯೊಡನೆ ಹೆಜ್ಜೆ ತಪ್ಪದೆ ಕೂಡಿಕೊಳ್ಳುತ್ತದೆ. ಒಂದು ಗೋಡೆಯ ಬಳಿಯಿದ್ದ ಪೆಟ್ಟಿಗೆಯನ್ನು ಮೂಲೆಗೆ ಸರಿಸಿದಾಗ ದೊರೆಯುವ ಲಾಭ ಹೆಚ್ಚೆಂದರೆ 6 ಡೆಸಿಬೆಲ್. ಅಷ್ಟು ದೊರೆತಲ್ಲಿ ಅದೇ ಘೋಷಕ್ಕೆ ಕಾಲುಭಾಗ ವಿದ್ಯುಚ್ಛಕ್ತಿ ಸಾಕು, ಮತ್ತು ಶ್ರಮ ತಗ್ಗಿದ ಡ್ರೈವರಿನಿಂದ ವಿಕೃತಿಯೂ ತಗ್ಗುವುದು ಸಹಜ. ಅಮೆರಿಕದ ಪಾಲ್ ಕ್ಲಿಪ್ಷ್ ಅವರು 1946ರಿಂದ ತಯಾರಿಸಿದ ಕ್ಲಿಪ್ಷ್‌ಹಾರ್ನ್ ಮೂಲೆಗೋಡೆಗಳನ್ನೇ ತನ್ನ ಕಹಳೆಯ ಮುಂದುವರಿಕೆಯಾಗಿ ಮಾಡಿಕೊಂಡಿತು.

ಇದಕ್ಕೂ ಮುಖ್ಯವಾದ ಸಂಗತಿ ಬೇರೊಂದಿದೆ. ಗೋಡೆಯಿಂದ 1.2 ಮೀಟರು ಈಚೆಗೆ ನಿಂತ ಪೆಟ್ಟಿಗೆಯ ಅಲೆ ಆ ಗೋಡೆಗೆ ತಾಗಿ ಮರಳುವಾಗ, 71 ಹರ್ಟ್ಸ್‌ನ ಸಮೀಪದಲ್ಲಿ, ಅರ್ಧ ಅಲೆಯಷ್ಟು ಹಿಂದುಳಿದು ತನ್ನ ಮೂಲವನ್ನೇ ಅಳಿಸುತ್ತದೆ. ಕೊಠಡಿ ಉಬ್ಬಿಸಿದುದನ್ನು ಈಕ್ವಲೈಸರಿನಿಂದ ತಗ್ಗಿಸಬಹುದು. ಕೊಠಡಿ ನುಂಗಿದುದನ್ನು ಎಷ್ಟು ಶಕ್ತಿ ಸುರಿದರೂ ಮರಳಿ ಪಡೆಯಲಾಗದು, ಏಕೆಂದರೆ ಸುರಿದಷ್ಟೂ ವಿರುದ್ಧದ ಅಲೆಯೂ ಬೆಳೆಯುತ್ತದೆ. ಮೂಲೆಯಲ್ಲಿರುವ ಪೆಟ್ಟಿಗೆಗೆ ಪಕ್ಕದ ಗೋಡೆಗಳಿಂದ ಈ ನಷ್ಟವಿಲ್ಲ. ನಡೆದಾಡುವ ದಾರಿಗೂ ಅದು ಅಡ್ಡವಲ್ಲ. 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯ ದಿಕ್ಕನ್ನು ಕಿವಿ ಸುಲಭವಾಗಿ ಗುರುತಿಸದಾದ್ದರಿಂದ ಸಂಗೀತದ ಚಿತ್ರವೂ ಒಂದು ಪಾರ್ಶ್ವಕ್ಕೆ ವಾಲದು.

ವಿರೋಧ

ಮೇಲಿನ ಗಣಿತವನ್ನು ನಾವು ಅಲ್ಲಗಳೆಯುವುದಿಲ್ಲ. ಅದು ಯಾವ ಕೋಣೆಗೆ, ಯಾವ ಸಂಗೀತಕ್ಕೆ ಅನ್ವಯವಾಗುವುದೆಂದು ವಿಚಾರಿಸಬೇಕೆನ್ನುತ್ತೇವೆ. ಕ್ಲಿಪ್ಷ್‌ಹಾರ್ನಿನ ನಿದರ್ಶನವನ್ನು ಮೊದಲು ಬದಿಗಿಡೋಣ: ಅದು ಮೂಲೆಗೆಂದೇ ರಚಿತವಾದ ಕಹಳೆ, ಇಂದಿನ ಸಬ್‌ವೂಫರು ಹಾಗಲ್ಲ. ಅಲ್ಲದೆ ಅಮೆರಿಕದ ಅನೇಕ ಮನೆಗಳಲ್ಲಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊದಿಸಿದ ಗೋಡೆಗಳು ತಗ್ಗಿನ ಸ್ವರಕ್ಕೆ ತಾವೂ ಕಂಪಿಸಿ ಅದರ ಒಂದಂಶವನ್ನು ಹೀರಿಕೊಳ್ಳುತ್ತವೆ. ಗಾರೆ ಬಳಿದ ನಮ್ಮ ಇಟ್ಟಿಗೆಗೋಡೆಯೂ ಗ್ರಾನೈಟಿನ ನೆಲವೂ ಅಲುಗುವಂತಹವಲ್ಲ. ಬಂದ ಅಲೆಯ ಬಹುಭಾಗವನ್ನು ಹಾಗೆಯೇ ಹಿಂದಿರುಗಿಸುತ್ತವೆ.

ನಮ್ಮ ಕೋಣೆಯ ಉದ್ದ 34 ಹರ್ಟ್ಸ್‌ಗೆ, ಅಗಲ 43ಕ್ಕೆ, ಎತ್ತರ 57ಕ್ಕೆ ಸ್ಪಂದಿಸುತ್ತದೆ. ಉದ್ದ ಮತ್ತು ಎತ್ತರಗಳು ಕೂಡಿ 67ರ ಬಳಿ, ಉದ್ದದ ಎರಡನೆಯ ಸ್ಪಂದನ 69ರ ಬಳಿ. ಮೂಲೆಯೆಂಬುದು ಈ ಎಲ್ಲ ಸ್ಪಂದನಗಳೂ ಪರಮಾವಧಿಯಲ್ಲಿರುವ ಏಕೈಕ ಬಗೆಯ ಸ್ಥಾನವಾದುದರಿಂದ ಅಲ್ಲಿಂದ ಹೊರಟ ನಾದ ಒಂದನ್ನೂ ಬಿಡದೆ ಎಬ್ಬಿಸುತ್ತದೆ. ಒಂದನೆಯ ಕಟ್ಟೆಯ ಶ್ರುತಿಯಲ್ಲಿ ಹಾಡುವ ಗಾಯಕನ ತಂಬೂರಿಯ ಮಂದ್ರ ಷಡ್ಜ 65 ಹರ್ಟ್ಸ್. ಗಾಯನದುದ್ದಕ್ಕೂ ಸಮನಾಗಿ ಹರಡಿರಬೇಕಾದ ಆಧಾರ ಷಡ್ಜಕ್ಕೆ ಇಂತಹ ನೆರೆ ಒದಗಿದರೆ ಅದು ಊದಿಕೊಳ್ಳದಿದ್ದೀತೆ? ಮೃದಂಗದ ಎಡಗೈಯ ಘಾತವೊಂದು ಅಡಗುವ ಮೊದಲೇ ಮತ್ತೊಂದು ಬಂದು ಮೇಲೆ ಕುಳಿತರೆ ಕೇಳುವವನಿಗೆ ಘೋಷವಷ್ಟೇ ಉಳಿದು ಲಯದ ಅಕ್ಷರ ಅಳಿಸಿಹೋಗುತ್ತದೆ. ಮೃದಂಗಕ್ಕೆ ಇದಕ್ಕಿಂತ ದೊಡ್ಡ ಅಪಚಾರ ನಮಗೆ ತೋರದು.

ಈಕ್ವಲೈಸರು ಪರಿಹಾರವೆನ್ನುವವರು ಯಾರ ಆಸನಕ್ಕೆ ಅದನ್ನು ಹೊಂದಿಸುವರು? ಕೋಣೆಯ ನಡುವೆ ಕುಳಿತವನಿಗೆ 34 ಹರ್ಟ್ಸ್ ಕೇಳಿಸುವುದೇ ದುಸ್ತರ, ಹಿಂಗೋಡೆಗೆ ಒರಗಿದವನಿಗೆ ಅದೇ ಅಸಹ್ಯ. ಒಬ್ಬನಿಗೆ ಮಾಡಿದ ತಿದ್ದುಪಡಿ ಇನ್ನೊಬ್ಬನಿಗೆ ದೋಷ. ಟಾಡ್ ವೆಲ್ಟಿ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರುಬದುರು ಗೋಡೆಗಳ ಮಧ್ಯದಲ್ಲಿ ಒಂದೊಂದು ಸಬ್‌ವೂಫರನ್ನಿಟ್ಟರೆ ಆಸನದಿಂದ ಆಸನಕ್ಕೆ ತೋರುವ ಅಂತರ ಬಹಳ ಕುಗ್ಗುವುದು ಕಂಡುಬಂದಿತು. ಎರಡನ್ನು ಕೊಳ್ಳಲಾಗದವರು ಉದ್ದದ ಗೋಡೆಯ ಗುಂಟ ಮೂಲೆಯಿಂದ ಕೋಣೆಯ ಕಾಲುಭಾಗ, ಅಂದರೆ ಸುಮಾರು ನಾಲ್ಕಡಿ, ಈಚೆಗೆ ಸರಿಸಿದರೆ 69ರ ಸ್ಪಂದನಕ್ಕೆ ಆ ಬಿಂದುವಿನಿಂದ ಪ್ರೇರಣೆಯೇ ದೊರೆಯದು.

ಗಣಿತದ ಗೊಡವೆ ಬೇಡವೆಂಬವರಿಗೆ ಸುಲಭವಾದ ಕ್ರಮವೊಂದುಂಟು. ಮೂಲವನ್ನೂ ಶ್ರೋತೃವನ್ನೂ ಅದಲುಬದಲು ಮಾಡಿದರೂ ಧ್ವನಿಯ ಮಾರ್ಗ ಬದಲಾಗದೆಂಬ ತತ್ತ್ವವನ್ನು ರೇಲೀ 1877ರ ಸುಮಾರಿನಲ್ಲಿಯೇ ವಿವರಿಸಿದ್ದನು. ಆದಕಾರಣ ಸಬ್‌ವೂಫರನ್ನು ತಾವು ಕುಳಿತುಕೊಳ್ಳುವ ಜಾಗದಲ್ಲಿಯೇ ಇಟ್ಟು, ಪರಿಚಿತ ಮೃದಂಗದ ಧ್ವನಿಮುದ್ರಣವೊಂದನ್ನು ನುಡಿಸುತ್ತ, ಕಿವಿಯನ್ನು ನೆಲದ ಸಮೀಪಕ್ಕೆ ತಂದುಕೊಂಡು ಗೋಡೆಯ ಅಂಚಿನಲ್ಲಿ ನಿಧಾನವಾಗಿ ಸಾಗಬೇಕು. ಎಡಗೈಯ ಪ್ರತಿಯೊಂದು ಪೆಟ್ಟೂ ಎಲ್ಲಿ ಬಿಡಿಬಿಡಿಯಾಗಿ ಕೇಳಿಸುವುದೋ ಅಲ್ಲಿಗೆ ಪೆಟ್ಟಿಗೆಯನ್ನು ಒಯ್ಯಬೇಕು. ಅದಕ್ಕೆ ಬೇಕಾಗುವ ಉದ್ದನೆಯ ತಂತಿಯ ವೆಚ್ಚ ಈಕ್ವಲೈಸರಿನ ಬೆಲೆಗಿಂತ ಬಹಳ ಕಡಿಮೆ.